ನೇಪಿಯರ್ ಬಿಟ್ಟು ಬದುವಿನ ಗರಿಕೆಗೆ ಓಡುವ ಕುರಿ

ಪ್ರಶ್ನೆ: ನಾನು ಶಿರಾ ತಾಲ್ಲೂಕಿನವನು. ನಲವತ್ತು ಕುರಿ ಇವೆ. ಹೆಚ್ಚಿನವು ಹೋದ ವರ್ಷ ಸಂತೆಯಿಂದ ತಂದವು. ಎರಡು ಎಕರೆಯಲ್ಲಿ ಸಿಓ-4 ನೇಪಿಯರ್ ಹುಲ್ಲು, ಸ್ವಲ್ಪ ಗಿನಿ ಹುಲ್ಲು, ಒಂದು ಪಟ್ಟೆ ಕುದುರೆ ಮೆಂತ್ಯ (ಲೂಸರ್ನ್) ಹಾಕಿದ್ದೇನೆ. ಬೋರ್ ನೀರು ಕೊಟ್ಟು ಆಳೆತ್ತರ ಬೆಳೆಸಿದ ನೇಪಿಯರ್ ಒಳಗೆ ಬಿಟ್ಟರೆ ನಾಲ್ಕು ಎಲೆ ಹರಿದು ಸೀದಾ ಬದುವಿನ ಗರಿಕೆಗೆ ಹೋಗುತ್ತವೆ. ಬೆಳಿಗ್ಗೆ ಕುದುರೆ ಮೆಂತ್ಯದ ಮೇಲೆ ಬೀಳುತ್ತವೆ. ಸಂಜೆ ಅದನ್ನೇ ಬಿಟ್ಟು ಹುಲ್ಲು ಹುಡುಕುತ್ತವೆ. ಎರಡು ದಿನ ಉಪವಾಸ ಕೆಡವಿದರೆ ತಾವೇ ತಿನ್ನುತ್ತವೆ ಅಂತ ಪಕ್ಕದ ಹೊಲದವರು ಹೇಳುತ್ತಾರೆ. ಹುಲ್ಲು ಸರಿ ಇಲ್ಲವೋ, ಕುರಿ ಸರಿ ಇಲ್ಲವೋ? ಯಾವ ಹುಲ್ಲು ಹಾಕಲಿ?

ಉತ್ತರ: ಉಪವಾಸದ ಮಾತು ಮೊದಲು ಮುಗಿಸಿಬಿಡೋಣ. ನೀವು ಅದನ್ನು ಮಾಡಿಯೇ ಬಿಟ್ಟೀರೇನೋ ಅಂತ ನನಗೆ ಭಯ. ಬೇಡ. ಮಂದೆಯಲ್ಲಿ ಗಬ್ಬದ ಕುರಿಗಳಿದ್ದು, ಅದರಲ್ಲೂ ಅವಳಿ ಹೊತ್ತು ದಿನ ತುಂಬುತ್ತಿರುವವು ಇದ್ದರೆ, ಎರಡು ದಿನದ ಉಪವಾಸಕ್ಕೇ ನೆಲ ಹಿಡಿಯಬಹುದು. ಹೊಟ್ಟೆಯಲ್ಲಿರುವ ಮರಿಗಳು ತಾಯಿಯ ರಕ್ತದಿಂದ ಸಕ್ಕರೆ ಎಳೆಯುವುದನ್ನು ನಿಲ್ಲಿಸುವುದಿಲ್ಲ. ತಾಯಿ ತನ್ನ ಕೊಬ್ಬನ್ನು ಕರಗಿಸಿ ಸರಿದೂಗಿಸಲು ನೋಡುತ್ತದೆ. ಕೊಬ್ಬು ಜಾಸ್ತಿ ಕರಗಿದರೆ ರಕ್ತದಲ್ಲಿ ಕೀಟೋನ್ ಎಂಬ ಕೊಬ್ಬಿನ ಕಸ ತುಂಬುತ್ತದೆ. ಕುರಿ ಮಂಕಾಗುತ್ತದೆ, ಕಣ್ಣು ಕಾಣದಂತೆ ಎಡವುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಆ ಹಂತಕ್ಕೆ ಹೋದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಉಪವಾಸಕ್ಕೆ ಇನ್ನೊಂದು ಕೇಡೂ ಇದೆ, ಅದನ್ನು ಜೋಳದ ಮಾತು ಬಂದಾಗ ಹೇಳುತ್ತೇನೆ.

ಈಗ ನಿಮ್ಮ ಪ್ರಶ್ನೆ. ಯಾವ ಹುಲ್ಲು ಅಂತ ನೀವು ಕೇಳಿದ್ದೀರಿ. ಕುರಿಗೆ ಹುಲ್ಲಿನ ಹೆಸರು ಕಟ್ಟಿಕೊಂಡು ಏನಾಗಬೇಕು? ಅದರ ಲೆಕ್ಕ ಮುಂದಿನ ಒಂದು ಬಾಯಿಯದ್ದು. ಆ ಒಂದು ಬಾಯಲ್ಲಿ ಎಲೆ ಎಷ್ಟು, ಕಡ್ಡಿ ಎಷ್ಟು? ಎಳೆಯದೋ ಬಲಿತದ್ದೋ? ಹಿಂದೆ ಇಂಥದ್ದು ತಿಂದಾಗ ಹೊಟ್ಟೆ ತಣ್ಣಗಿತ್ತೋ, ತಳಮಳಿಸಿತ್ತೋ? ಒಂದೇ ಜಾತಿಯ ಹುಲ್ಲು ಜುಲೈನಲ್ಲಿ ಇಷ್ಟವಾಗಿ ನವೆಂಬರ್‌ನಲ್ಲಿ ಬೇಡವಾಗುವುದು, ಬೆಳಿಗ್ಗೆ ಬೇಕಾದದ್ದು ಸಂಜೆ ಬೇಡವಾಗುವುದು, ಎಲ್ಲ ಇದರಿಂದಲೇ.

ನಾಳೆ ಒಂದು ಕೆಲಸ ಮಾಡಿ. ಬದುವಿನ ಮೇಲೆ ಕುಳಿತು ಒಂದೇ ಒಂದು ಕುರಿಯ ಬಾಯನ್ನು ಐದು ನಿಮಿಷ ನೋಡಿ. ಸುಮ್ನೆ ನೋಡಿ, ಅಷ್ಟೇ. ಮೇಲ್ದುಟಿ ನಡುವೆ ಸೀಳಿದೆ. ಆ ಎರಡು ತುಂಡೂ ಬೇರೆ ಬೇರೆಯಾಗಿ ಆಡುತ್ತವೆ, ಹೆಬ್ಬೆರಳು ತೋರುಬೆರಳಿನಲ್ಲಿ ಸೊಪ್ಪು ಆರಿಸಿದ ಹಾಗೆ. ಮೇಲೆ ಮುಂದಿನ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು ಹಲ್ಲು. ತುಟಿ ಎಲೆಯನ್ನು ಒಳಗೆ ತಳ್ಳುತ್ತದೆ, ಕೆಳಹಲ್ಲು ಅದನ್ನು ವಸಡಿಗೆ ಒತ್ತಿ ಹಿಡಿಯುತ್ತದೆ, ತಲೆ ಒಂದು ಸಣ್ಣ ಜಗ್ಗು ಜಗ್ಗುತ್ತದೆ. ಚರ್ ಅಂತ ಸದ್ದು. ಮತ್ತೆ ತುಟಿ. ಎಮ್ಮೆ, ಹಸು ಹೀಗೆ ಮೇಯುವುದಿಲ್ಲ. ಅವು ನಾಲಿಗೆ ಚಾಚಿ ಒಂದು ಹಿಡಿ ಸುತ್ತಿ ಎಳೆಯುತ್ತವೆ, ಬಂದದ್ದೆಲ್ಲ ಒಳಗೆ. ಹಸುವಿನದು ಕುಡುಗೋಲಿನ ಕೆಲಸ, ಕುರಿಯದು ಮೊಗ್ಗು ಬಿಡಿಸುವವರ ಕೆಲಸ.

ನೋಡುತ್ತ ಎಣಿಸಿ. ಚೆನ್ನಾಗಿ ಮೇಯುತ್ತಿರುವ ಕುರಿ ನಿಮಿಷಕ್ಕೆ ನಲವತ್ತರ ಆಸುಪಾಸು ಬಾಯಿ ಹಾಕುತ್ತದೆ. ಮೂವತ್ತು ಕೆಜಿ ತೂಗುವ ಕುರಿಗೆ ದಿನಕ್ಕೆ ಸುಮಾರು ಒಂದು ಕೆಜಿ ಒಣ ಮೇವಿನಷ್ಟು ಬೇಕು. ಇದು ನೀರಿನಂಶ ತೆಗೆದ ಲೆಕ್ಕ. ದಿನಕ್ಕೆ ಏಳು ಗಂಟೆ ಮೇಯ್ದರೆ ಹತ್ತಿರಹತ್ತಿರ ಹದಿನೇಳು ಸಾವಿರ ಬಾಯಿ. ಅಂದರೆ ಒಂದು ಬಾಯಿಗೆ ಒಣ ಮೇವು 0.06 ಗ್ರಾಂ. ಒಂದು ಚಿಟಿಕೆಯೂ ಆಗಲ್ಲ! ಇಷ್ಟು ಚಿಕ್ಕ ಚಿಕ್ಕ ತುತ್ತಿನಲ್ಲಿ ದಿನದ ಹೊಟ್ಟೆ ತುಂಬಬೇಕಾದ ಪ್ರಾಣಿಗೆ ಒಂದೊಂದು ಬಾಯಿಯೂ ದುಬಾರಿ. ಒಂದು ತುತ್ತಿಗೆ ಎರಡು ಸೆಕೆಂಡ್ ಜಾಸ್ತಿ ಹಿಡಿದರೆ ಸಂಜೆ ಹೊಟ್ಟೆ ಅರ್ಧ ಖಾಲಿ.

ಈಗ ಅದೇ ಕುರಿಯನ್ನು ನಿಮ್ಮ ನೇಪಿಯರ್ ಒಳಗೆ ನಿಲ್ಲಿಸಿ ನೋಡಿ. ಅದರ ಮೂತಿಯ ಮಟ್ಟಕ್ಕೆ ಸಿಗುವುದು ಏನು? ಬೆರಳು ಗಾತ್ರದ ಕಾಂಡ, ಕಾಂಡಕ್ಕೆ ಅಂಟಿದ ಎಲೆಯ ಬುಡ, ಅಲ್ಲೊಂದು ಇಲ್ಲೊಂದು ಒಣಗಿದ ತಳದೆಲೆ. ಎಳೆಯ ಎಲೆಯೆಲ್ಲ ತಲೆಯ ಮೇಲೆ. ಬಾಯಿಗೆಟುಕಿದ ಒಂದು ಎಲೆ ಹಿಡಿದರೂ ಅದು ಮೊಳದುದ್ದ ಇರುತ್ತದೆ. ಅದನ್ನು ಇಷ್ಟಿಷ್ಟೇ ಅಗಿದು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಬದುವಿನಲ್ಲಿ ಹತ್ತು ಬಾಯಿ ಆಗಿರುತ್ತಿತ್ತು. ಎಲೆಯ ಅಂಚು ಬೇರೆ ಗರಗಸದ ಹಾಗೆ, ಮರಳಿನಲ್ಲಿರುವ ಸಿಲಿಕವೇ ಅಲ್ಲಿ ಸಣ್ಣ ಮುಳ್ಳಾಗಿ ಕೂತಿರುತ್ತದೆ. ನೀವೇ ಬರಿಗೈಯಲ್ಲಿ ಕೊಯ್ದಿದ್ದರೆ ಗೊತ್ತಿರುತ್ತದೆ.

ಬದುವಿನ ಗರಿಕೆ ನೋಡಿ. ನೆಲಕ್ಕೆ ಚಾಪೆ ಹಾಸಿದ ಹಾಗೆ. ದಿನಾ ಮೇಯುವುದರಿಂದ ದಿನಾ ಹೊಸ ಚಿಗುರು. ಬಾಯಿ ಹಾಕಿದಲ್ಲೆಲ್ಲ ಎಲೆ. ಸಿಓ-4 ಒಳ್ಳೆಯ ತಳಿಯೇ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ಸಜ್ಜೆಗೂ ನೇಪಿಯರ್‌ಗೂ ಅಡ್ಡಹಾಯಿಸಿ ಮಾಡಿದ್ದು. ಆದರೆ ಅದು ಕೊಯ್ದು, ಕತ್ತರಿಸಿ, ಗೋದಲಿಗೆ ಹಾಕುವ ಮೇವು. ಅದರೊಳಗೆ ಕುರಿ ಬಿಡುವುದು ತೆಂಗಿನ ತೋಟಕ್ಕೆ ಬಿಟ್ಟು ಎಳನೀರು ಕುಡಿ ಅಂದ ಹಾಗೆ.

ಕುರಿ ಇದನ್ನೆಲ್ಲ ಕಣ್ಣಿನಿಂದ ನೋಡಿ ಆರಿಸುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಷ್ಟಿಲ್ಲ. ಕುರಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಸುತ್ತಮುತ್ತ ತೋಳ ನಾಯಿ ಕಾಣಲಿ ಅಂತ. ಮೂಗಿನ ನೇರ ಕೆಳಗಿರುವುದು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಜಿ. ಡಬ್ಲ್ಯು. ಆರ್ನಾಲ್ಡ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಕುರಿಗಳ ಒಂದೊಂದೇ ಇಂದ್ರಿಯಕ್ಕೆ ತಡೆ ಹಾಕಿ ಮೇಯಲು ಬಿಟ್ಟು ನೋಡಿದರು. ಕಣ್ಣು ಕಟ್ಟಿದಾಗ ಆಯ್ಕೆ ಅಂಥದ್ದೇನೂ ಬದಲಾಗಲಿಲ್ಲ. ವಾಸನೆ, ರುಚಿ, ತುಟಿಯ ಸ್ಪರ್ಶಕ್ಕೆ ತಡೆ ಬಿದ್ದಾಗ ಬದಲಾಯಿತು. ದೂರದ ಹಸಿರು ಪಟ್ಟೆಗೆ ಹೋಗಲು ಕಣ್ಣು. ಅಲ್ಲಿ ತಲುಪಿದ ಮೇಲೆ ಕೆಲಸ ಮೂಗಿನದು, ತುಟಿಯದು.

ಆದರೆ ರುಚಿ ಅನ್ನುವುದು ಬರೀ ನಾಲಿಗೆಯ ವಿಷಯವೂ ಅಲ್ಲ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಕೆಲಸ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಡ್ ಪ್ರೊವೆಂಜಾ ಮತ್ತು ಅವರ ಜೊತೆಗಾರರದ್ದು. ಯಾವ ಸತ್ವವೂ ಇಲ್ಲದ ಒಣ ಹುಲ್ಲಿಗೆ ಅವರು ಎರಡು ಬೇರೆ ಬೇರೆ ಪರಿಮಳ ಬೆರೆಸಿ ಮರಿಗಳಿಗೆ ಹಾಕಿದರು. ಒಂದು ಪರಿಮಳದ ಹುಲ್ಲು ತಿಂದ ದಿನ ಹೊಟ್ಟೆಗೆ ನೇರವಾಗಿ ಪಿಷ್ಟ ಸೇರಿಸಿದರು. ಇನ್ನೊಂದು ಪರಿಮಳದ ದಿನ ಸೇರಿಸಲಿಲ್ಲ. ನಾಲಿಗೆಗೆ ಪಿಷ್ಟದ ರುಚಿ ಸಿಕ್ಕೇ ಇಲ್ಲ, ನೋಡಿ. ಆಮೇಲೆ ಎರಡೂ ಮುಂದಿಟ್ಟರೆ ಮರಿಗಳು ಪಿಷ್ಟದ ದಿನದ ಪರಿಮಳವನ್ನೇ ಹುಡುಕಿದವು. ತಿರುಗಾಮುರುಗಾ ಕೂಡ ಆಯಿತು. ಹೊಸ ಮೇವು ತಿಂದ ಮೇಲೆ ಓಕರಿಕೆ ಬರಿಸುವ ಲಿಥಿಯಂ ಉಪ್ಪು ಕೊಟ್ಟರೆ ಆ ಮೇವಿನ ತಂಟೆಗೇ ಹೋಗಲಿಲ್ಲ. ಹೊಟ್ಟೆ ಹೇಳಿದ್ದನ್ನು ನಾಲಿಗೆ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಯಾರಿಗೋ ಒಮ್ಮೆ ವಾಂತಿಯಾದ ತಿಂಡಿಯ ವಾಸನೆ ಇವತ್ತಿಗೂ ಆಗದೆ ಇರಬಹುದು. ಅದೇ ಇದು.

ಇದಕ್ಕೆ ತಾಯಿಯ ಪಾಠವೂ ಸೇರುತ್ತದೆ. ಮರಿ ಮೊದಲ ಹುಲ್ಲು ತಿನ್ನುವುದು ತಾಯಿಯ ಮೂತಿಯ ಪಕ್ಕ ಮೂತಿ ಇಟ್ಟು. ಆಸ್ಟ್ರೇಲಿಯಾದಲ್ಲಿ ತಾಯಿಯ ಜೊತೆ ಕೆಲವೇ ದಿನ ಗೋಧಿ ತಿಂದಿದ್ದ ಮರಿಗಳಿಗೆ ಹೆಚ್ಚು ಕಡಿಮೆ ಮೂರು ವರ್ಷದ ನಂತರ ಮತ್ತೆ ಗೋಧಿ ಹಾಕಿದರು. ಅವು ಬಂದು ತಿಂದವು. ಮರಿಯಾಗಿದ್ದಾಗ ಗೋಧಿ ಕಾಣದ ಕುರಿಗಳು ಮೂಸಿ ನಿಂತವು.

ನಿಮ್ಮ ಕಥೆ ಇಲ್ಲೇ ಇದೆ ಅನಿಸುತ್ತದೆ. ಸಂತೆಯಿಂದ ತಂದ ಕುರಿಗಳು ಅಂದಿರಿ. ಅವು ಹುಟ್ಟಿ ಬೆಳೆದದ್ದು ಕಾವಲಿನ ಹುಲ್ಲುಗಾವಲಿನಲ್ಲೋ, ಕೊಯ್ದ ಹೊಲದಲ್ಲೋ, ರಸ್ತೆ ಬದಿಯಲ್ಲೋ. ಅವುಗಳ ತಾಯಂದಿರು ಕಲಿಸಿದ್ದು ಗರಿಕೆ, ಉತ್ತರಾಣಿ, ಉದುರಿದ ಜಾಲಿ ಕಾಯಿ. ನೇಪಿಯರ್ ಅನ್ನುವುದನ್ನು ಅವು ಕಂಡದ್ದೇ ನಿಮ್ಮ ಮನೆಯಲ್ಲಿ. ಹೊಸ ಮೇವನ್ನು ಕುರಿ ಒಂದೊಂದು ಬಾಯಿ ರುಚಿ ನೋಡಿ ಬಿಡುವುದು ಅಹಂಕಾರದಿಂದಲ್ಲ. ಗೊತ್ತಿಲ್ಲದ್ದನ್ನು ಹೊಟ್ಟೆ ತುಂಬ ತಿಂದ ಕುರಿಗಳ ವಂಶ ಮುಂದುವರಿಯಲಿಲ್ಲ.

ಇನ್ನು ಬೆಳಿಗ್ಗೆ ಕುದುರೆ ಮೆಂತ್ಯ, ಸಂಜೆ ಹುಲ್ಲು ಅನ್ನುವ ವಿಷಯ. ನೀವು ಇದನ್ನು ಗಮನಿಸಿದ್ದೀರಿ ಅಂದರೆ ಕುರಿ ಸಾಕಲು ನಿಮಗೆ ಕಣ್ಣಿದೆ. ಇಂಗ್ಲೆಂಡಿನ ಡೆವನ್ ಕಡೆ ಇದನ್ನು 1990ರ ದಶಕದಲ್ಲಿ ತುಂಬ ಕೂಲಂಕಷವಾಗಿ ನೋಡಿದರು. ಅಲ್ಲಿನ ಹುಲ್ಲುಗಾವಲಿನಲ್ಲಿ ಮುಖ್ಯವಾಗಿ ಇರುವುದು ರೈಗ್ರಾಸ್ ಎಂಬ ಹುಲ್ಲು ಮತ್ತು ಬಿಳಿ ಕ್ಲೋವರ್ ಎಂಬ ದ್ವಿದಳ ಗಿಡ, ನಮ್ಮ ಕುದುರೆ ಮೆಂತ್ಯದ ದೂರದ ನೆಂಟ. ಎರಡನ್ನೂ ಅಕ್ಕಪಕ್ಕ ಬೆಳೆಸಿ ಕುರಿ ಬಿಟ್ಟರು. ಕ್ಲೋವರ್‌ನಲ್ಲಿ ಸತ್ವ ಜಾಸ್ತಿ, ಬೇಗ ಜೀರ್ಣ. ಬುದ್ಧಿ ಇದ್ದ ಕುರಿ ಅದನ್ನೇ ತಿನ್ನಬೇಕು, ಅಲ್ವಾ? ಅವು ಹಾಗೆ ಮಾಡಲಿಲ್ಲ. ನೂರಕ್ಕೆ ಎಪ್ಪತ್ತರ ಹತ್ತಿರ ಕ್ಲೋವರ್, ಉಳಿದದ್ದು ಹುಲ್ಲು. ಬೆಳಿಗ್ಗೆ ಕ್ಲೋವರ್ ಕಡೆ ವಾಲಿದವು, ಹೊತ್ತು ಇಳಿದಂತೆ ಹುಲ್ಲಿನ ಪಾಲು ಏರಿತು. ಇನ್ನೂ ತಮಾಷೆ ಅಂದರೆ, ಕೆಲವು ದಿನ ಬರೀ ಕ್ಲೋವರ್ ಮೇಯಿಸಿದ ಕುರಿಗಳು ಆಯ್ಕೆ ಸಿಕ್ಕಾಗ ಮೊದಲು ಹುಲ್ಲಿಗೆ ಹೋದವು. ಬರೀ ಹುಲ್ಲು ಮೇಯ್ದವು ಕ್ಲೋವರ್‌ಗೆ ಹೋದವು. ಮದುವೆ ಮನೆಯಲ್ಲಿ ಮೂರು ದಿನ ಹೋಳಿಗೆ ಉಂಡವರಿಗೆ ಮಜ್ಜಿಗೆ ಅನ್ನ ಬೇಕನಿಸುವ ಹಾಗೆ.

ಯಾಕೆ ಹೀಗೆ? ನನಗೆ ಹಿಡಿಸುವ ವಿವರಣೆ ಎರಡು. ದ್ವಿದಳ ಮೇವಿನಲ್ಲಿ ಪ್ರೋಟೀನ್ ಜಾಸ್ತಿ. ಮೊದಲ ಹೊಟ್ಟೆಯಲ್ಲಿ ಅದು ಬೇಗ ಒಡೆದು ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಅದು ಹಿತ, ಮಧ್ಯಾಹ್ನದ ಹೊತ್ತಿಗೆ ಸಾಕಾಗುತ್ತದೆ. ಎರಡನೆಯದು, ರಾತ್ರಿ ಉದ್ದ. ನಿಧಾನವಾಗಿ ಕರಗುವ ನಾರು ಹೊಟ್ಟೆಯಲ್ಲಿದ್ದರೆ ಬೆಳಗಿನ ತನಕ ಮೆಲುಕು ಹಾಕಬಹುದು. ರಾತ್ರಿ ಮುದ್ದೆ ಉಂಡರೆ ಹೊಟ್ಟೆ ನಿಲ್ಲುತ್ತದೆ ಅಂತ ನಾವು ಅನ್ನುತ್ತೇವಲ್ಲ, ಕುರಿಯ ಸಂಜೆಯ ಹುಲ್ಲೂ ಹಾಗೆಯೇ ಇರಬೇಕು.

ಸಂಜೆಯ ಹುಲ್ಲಿನಲ್ಲಿ ಇನ್ನೊಂದು ಗುಟ್ಟಿದೆ, ಇದು ನಿಮ್ಮ ಕೆಲಸಕ್ಕೆ ನೇರವಾಗಿ ಬರುತ್ತದೆ. ಬಿಸಿಲು ಇರುವಷ್ಟು ಹೊತ್ತು ಎಲೆ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ರಾತ್ರಿ ಗಿಡ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಅದೇ ಹುಲ್ಲು ಬೆಳಿಗ್ಗೆಗಿಂತ ಸಂಜೆ ಸಿಹಿ. ಅಮೆರಿಕದಲ್ಲಿ ಟಾಲ್ ಫೆಸ್ಕ್ಯೂ ಎಂಬ ಹುಲ್ಲನ್ನು ಒಂದೇ ಹೊಲದಲ್ಲಿ ಸಂಜೆ ಒಂದಿಷ್ಟು, ಮರುದಿನ ಬೆಳಿಗ್ಗೆ ಒಂದಿಷ್ಟು ಕೊಯ್ದು ಒಣಗಿಸಿ ಇಟ್ಟರು. ಆಮೇಲೆ ಕುರಿ, ಆಡು, ದನ ಮೂರಕ್ಕೂ ಹಾಕಿದರು. ಮೂರೂ ಸಂಜೆ ಕೊಯ್ದದ್ದನ್ನೇ ಜಾಸ್ತಿ ತಿಂದವು. ಈ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ನಮ್ಮ ಕಡೆ ಬೆಳಿಗ್ಗೆ ಇಬ್ಬನಿಯಲ್ಲೇ ಮೇವು ಕೊಯ್ದು ಹೊರೆ ಕಟ್ಟುವುದು ರೂಢಿ, ತಂಪು ಹೊತ್ತು ಅಂತ. ನಾಲ್ಕು ಗಂಟೆಯ ಮೇಲೆ ಕೊಯ್ದು ನೋಡಿ. ಒಂದು ಪೈಸೆ ಖರ್ಚಿಲ್ಲ.

ಇನ್ನು ಕಾವಲಿನ ಮಾತು. ನಿಮ್ಮ ಸುತ್ತಮುತ್ತ, ಚಿತ್ರದುರ್ಗ, ತುಮಕೂರು ಜಿಲ್ಲೆಯ ಅಮೃತ ಮಹಲ್ ದನಗಳ ಕಾವಲುಗಳಲ್ಲಿ ಒಂದು ಹುಲ್ಲು ಧಾರಾಳವಾಗಿದೆ. ಸಸ್ಯಶಾಸ್ತ್ರದವರು ಹೆಟೆರೊಪೋಗಾನ್ ಅನ್ನುತ್ತಾರೆ. ಬಟ್ಟೆಗೆ ಚುಚ್ಚಿಕೊಳ್ಳುವ ಕಪ್ಪು ಊಬಿನ ಹುಲ್ಲು ಅಂದರೆ ನಿಮಗೆ ತಕ್ಷಣ ತಿಳಿಯುತ್ತದೆ. ಮುಂಗಾರು ಬಿದ್ದು ಚಿಗುರಿದಾಗ ಕುರಿಗೆ ಇದು ಒಳ್ಳೆಯ ಮೇವು. ಮಳೆಗಾಲ ಮುಗಿಯುತ್ತ ತೆನೆ ಬರುತ್ತದೆ. ಒಂದು ಬೀಜ ಕಿತ್ತು ಅಂಗೈ ಮೇಲಿಟ್ಟು ಎರಡು ಹನಿ ನೀರು ಹಾಕಿ. ತುದಿ ಸೂಜಿಯ ಹಾಗೆ ಚೂಪು, ಹಿಂದಕ್ಕೆ ಬಾಗಿದ ರೋಮ, ಮೇಲೆ ಹುರಿ ಹೊಸೆದಂಥ ಕಪ್ಪು ಬಾಲ. ನೀರು ತಾಗಿದ ಕೂಡಲೆ ಆ ಹುರಿ ಬಿಚ್ಚಿಕೊಳ್ಳುತ್ತ ಬೀಜ ಗಿರಗಿರ ತಿರುಗುತ್ತದೆ. ನೆಲ ಕೊರೆದು ಹೂತುಕೊಳ್ಳಲು ಅದು ಮಾಡಿಕೊಂಡ ಉಪಾಯ. ಕುರಿಯ ಉಣ್ಣೆಗೆ ಸಿಕ್ಕಿದರೆ ಚರ್ಮವನ್ನೇ ನೆಲ ಅಂದುಕೊಂಡು ಕೊರೆಯುತ್ತದೆ. ಬಾಯಿ, ಕಣ್ಣಿನ ಅಂಚು, ತೊಡೆಯ ಸಂದು ಎಲ್ಲ ಗಾಯ. ಆ ತಿಂಗಳುಗಳಲ್ಲಿ ಕುರಿ ಆ ಹುಲ್ಲಿಗೆ ಬೆನ್ನು ತಿರುಗಿಸಿದರೆ ತಪ್ಪೇನು?

ಊಬು ಇಲ್ಲದ ಹುಲ್ಲೂ ಬಲಿತರೆ ಸತ್ವ ಕಳೆದುಕೊಳ್ಳುತ್ತದೆ. ಎಳೆಯದರಲ್ಲಿ ನೂರಕ್ಕೆ ಹತ್ತರಷ್ಟು ಪ್ರೋಟೀನ್ ಇದ್ದದ್ದು ಒಣಗಿದಾಗ ಮೂರು ನಾಲ್ಕಕ್ಕೆ ಇಳಿಯುತ್ತದೆ. ಸುಮಾರು ಏಳಕ್ಕಿಂತ ಕೆಳಗೆ ಹೋದರೆ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಊಟ ಸಾಲದು, ನಾರು ಕರಗುವುದಿಲ್ಲ. ಹೊಟ್ಟೆ ತುಂಬಿಯೇ ಇರುತ್ತದೆ, ಆದರೂ ಕುರಿ ಬಡಕಲಾಗುತ್ತದೆ. ಆಗ ಕುರಿ ಒಣ ಹುಲ್ಲಿನ ನಡುವೆ ಒಂದೊಂದು ಹಸಿ ಎಲೆ ಹೆಕ್ಕುತ್ತ ಮೈಲಿಗಟ್ಟಲೆ ನಡೆಯುತ್ತದೆ. ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡದ ಬೆಲೆ ತಿಳಿಯುವುದು ಆಗ. ಮಳೆಗಾಲದಲ್ಲಿ ಪಕ್ಕದಲ್ಲಿ ಹಸಿ ಹುಲ್ಲಿದ್ದರೆ ಸ್ಟೈಲೋವನ್ನು ಅಷ್ಟಾಗಿ ಮುಟ್ಟದ ಪ್ರಾಣಿಗಳು ಹುಲ್ಲು ಒಣಗಿದ ಮೇಲೆ ಅದನ್ನೇ ಹುಡುಕುತ್ತವೆ. ಮಳೆಗಾಲದಲ್ಲಿ ನೋಡಿ ಇದು ಕುರಿಗೆ ಆಗಲ್ಲ ಅಂತ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ. ಎರಡು ತಿಂಗಳು ಕಾದಿದ್ದರೆ ಸಾಕಿತ್ತು.

ಕುರಿಯ ಈ ಆರಿಸುವ ಗುಣಕ್ಕೆ ಹುಲ್ಲುಗಾವಲು ಬೆಲೆ ತೆರುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ನಾರ್ಡಸ್ ಎಂಬ ಒರಟು ಹುಲ್ಲಿದೆ. ಕುರಿ ಅದನ್ನು ಬಿಟ್ಟು ಸುತ್ತಲಿನ ನಯವಾದ ಹುಲ್ಲನ್ನೇ ಬುಡದ ತನಕ ಮೇಯುತ್ತದೆ. ಹಸು ಅಷ್ಟು ನೋಡುವುದಿಲ್ಲ, ನಾರ್ಡಸನ್ನೂ ಹರಿಯುತ್ತದೆ. ಬರೀ ಕುರಿ ಮೇಯ್ದ ಕಡೆ ನಾರ್ಡಸ್ ಹಬ್ಬುತ್ತದೆ. ನಮ್ಮ ದಖ್ಖನ್ ಹುಲ್ಲುಗಾವಲಿನಲ್ಲೂ ಅತಿಯಾಗಿ ಮೇಯಿಸಿದ ಕಡೆ ಮೆತ್ತನೆಯ ಬಹುವಾರ್ಷಿಕ ಹುಲ್ಲುಗಳು ಹಿಂದೆ ಸರಿದು, ಪೊರಕೆ ಕಟ್ಟುವ ಹಂಚಿಕಡ್ಡಿಯಂಥ ಹುಲ್ಲು ಮುಂದೆ ಬರುತ್ತದೆ. ಹಂಚಿಕಡ್ಡಿ ಜಾಸ್ತಿ ಕಂಡರೆ ಆ ಜಾಗ ದಣಿದಿದೆ ಅಂತ ತಿಳಿಯಿರಿ.

ನಮ್ಮ ಹಳೆಯ ಕುರಿಗಾಹಿಗಳು ಮಂದೆಯನ್ನು ಒಂದೇ ಕಡೆ ನಿಲ್ಲಿಸದೆ ನಡೆಸುತ್ತಲೇ ಇದ್ದದ್ದಕ್ಕೆ ಮೇವಿನ ಕೊರತೆ ಒಂದೇ ಕಾರಣ ಇರಲಾರದು. ಇಬ್ಬನಿ ಆರುವ ತನಕ ರೊಪ್ಪದಿಂದ ಬಿಡದೆ ಇರುವುದಕ್ಕೂ ಅರ್ಥವಿದೆ. ಜಂತುಹುಳುವಿನ ಮರಿಗಳು ಒದ್ದೆಯಲ್ಲಿ ಹುಲ್ಲೆಲೆಯ ಮೇಲೆ ಹತ್ತಿ ಕೂತಿರುತ್ತವೆ. ಕುರಿಯೂ ಹಿಕ್ಕೆ ಬಿದ್ದ ಜಾಗದ ಹುಲ್ಲನ್ನು ಆದಷ್ಟು ಬಿಡುತ್ತದೆ. ಮೂಸಿ, ಮೂತಿ ತಿರುಗಿಸಿ ಮುಂದೆ ಹೋಗುವುದನ್ನು ನೀವು ನೋಡಿರುತ್ತೀರಿ. ಆದರೆ ಜಾಗ ಸಣ್ಣದಾಗಿ ಮಂದೆ ದೊಡ್ಡದಾದರೆ ಅದಕ್ಕೂ ಬೇರೆ ದಾರಿ ಇರುವುದಿಲ್ಲ.

ಮಂದೆಯ ವಿಷಯವಾಗಿ ಒಂದೇ ಮಾತು. ಆಚೆ ಒಳ್ಳೆಯ ಹುಲ್ಲಿದೆ ಅಂತ ಗೊತ್ತಿದ್ದರೂ ಒಂಟಿ ಕುರಿ ಮಂದೆ ಬಿಟ್ಟು ಹೋಗಲು ಹಿಂದೆಮುಂದೆ ನೋಡುತ್ತದೆ. ನಾಲ್ಕಾರು ಜೊತೆಗಾರರಿದ್ದರೆ ಹೋಗುತ್ತದೆ. ಹಾಗಾಗಿ ನಲವತ್ತೂ ಬದುವಿಗೆ ಓಡಿದವು ಅಂದರೆ ನಲವತ್ತಕ್ಕೂ ಗರಿಕೆಯೇ ಬೇಕಿತ್ತು ಅಂತಲ್ಲ. ಮುಂದಿನ ಐದು ಹೋದವು, ಉಳಿದವು ಹಿಂಬಾಲಿಸಿದವು.

ಕುರಿಗೆ ಇಷ್ಟೆಲ್ಲ ತಿಳಿದಿದ್ದರೆ ಎಳೆ ಜೋಳ ತಿಂದು ಯಾಕೆ ಸಾಯುತ್ತದೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಹೊಟ್ಟೆ ಪಾಠ ಕಲಿಸಲು ಕುರಿ ಬದುಕಿರಬೇಕು. ಎಳೆಯ ಜೋಳ, ಮಳೆ ಇಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಒಂದು ಮಳೆಗೆ ಚಿಗುರಿದ ಕೂಳೆ, ಇವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ತಿಂದ ಕೆಲವೇ ನಿಮಿಷದಲ್ಲಿ ಏದುಸಿರು, ನಡುಕ, ನೆಲಕ್ಕೆ ಬೀಳುವುದು. ನಾಲಿಗೆಗೆ ಅದು ಸಿಹಿಯಾದ ಹಸಿರು ಎಲೆ, ಅಷ್ಟೇ. ಹೊಟ್ಟೆ ತುಂಬಿದ ಕುರಿ ಅಲ್ಲಿ ಇಲ್ಲಿ ಕಚ್ಚುತ್ತದೆ, ವಿಷ ಸ್ವಲ್ಪ ಸ್ವಲ್ಪವೇ ಹೋದರೆ ಮೈ ಅದನ್ನು ನಿಭಾಯಿಸುತ್ತದೆ. ಹಸಿದ ಕುರಿ ಆರಿಸುವುದಿಲ್ಲ, ಮುಕ್ಕುತ್ತದೆ. ಉಪವಾಸಕ್ಕೆ ಇನ್ನೊಂದು ಕೇಡಿದೆ ಅಂದೆನಲ್ಲ, ಅದು ಇದೇ. ಜೋಳದ ವಿಷಕ್ಕೆ ಮದ್ದಿದೆ, ಪಶುವೈದ್ಯರು ರಕ್ತನಾಳಕ್ಕೆ ಥಯೋಸಲ್ಫೇಟ್ ಕೊಡುತ್ತಾರೆ. ಆದರೆ ಅವರು ಬರುವ ತನಕ ಕುರಿ ಇರಬೇಕಲ್ಲ. ಜೋಳವನ್ನು ಹೂ ಬಿಡುವ ಮುಂಚೆ ಮೇಯಿಸಬೇಡಿ, ಕೂಳೆಗೆ ಬಿಡಬೇಡಿ. ಕುದುರೆ ಮೆಂತ್ಯಕ್ಕೂ ಹಸಿದ ಹೊಟ್ಟೆಯಲ್ಲಿ ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಬೆಳಿಗ್ಗೆ ಮೊದಲು ಸ್ವಲ್ಪ ಒಣ ಮೇವು ಹಾಕಿ, ಆಮೇಲೆ ಬಿಡಿ. ಇನ್ನೊಂದು, ಮೊದಲ ಮಳೆಗೆ ಹುಲ್ಲು ಒಮ್ಮೆಲೇ ಚಿಗುರಿದಾಗ ಕೊಬ್ಬಿದ ಕುರಿಗಳೇ ಕರುಳುಬೇನೆಯಿಂದ ಧಿಡೀರ್ ಸಾಯುತ್ತವೆ. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿದ್ದೀರಿ ಅಂದುಕೊಂಡಿದ್ದೇನೆ.

ಈಗ ನಿಮ್ಮ ಎರಡು ಎಕರೆ. ನಾನಾಗಿದ್ದರೆ ನೇಪಿಯರನ್ನು ಅರ್ಧ ಎಕರೆಗೆ ಇಳಿಸುತ್ತಿದ್ದೆ. ಕುರಿಯೊಂದಕ್ಕೆ ದಿನಕ್ಕೆ ಒಂದೂವರೆ ಕೆಜಿ ಹಸಿ ನೇಪಿಯರ್ ಅಂದರೆ ನಲವತ್ತಕ್ಕೆ ಅರವತ್ತು ಕೆಜಿ, ವರ್ಷಕ್ಕೆ ಇಪ್ಪತ್ತೆರಡು ಟನ್. ನೀರಿದ್ದರೆ ಅಷ್ಟು ಅರ್ಧ ಎಕರೆಯಲ್ಲೇ ಬರುತ್ತದೆ. ಎಮ್ಮೆಗೆ ಹಾಕುವ ಹಾಗೆ ಆಳೆತ್ತರ ಬಿಡಬೇಡಿ. ಮೊದಲ ಕೊಯ್ಲು ಆದ ಮೇಲೆ ಐದಾರು ವಾರಕ್ಕೊಮ್ಮೆ, ಕಾಂಡ ಉಗುರಿಗೆ ಮೆತ್ತಗಿರುವಾಗಲೇ ಕೊಯ್ದು, ಚಾಫ್ ಕಟರ್‌ನಲ್ಲಿ ಸಣ್ಣಗೆ ಕತ್ತರಿಸಿ ಗೋದಲಿಗೆ ಹಾಕಿ. ನೇಪಿಯರ್ ಒಂದನ್ನೇ ಹಾಕಬೇಡಿ. ಅದರಲ್ಲಿರುವ ಆಕ್ಸಲೇಟ್ ಮೈಯ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಜೊತೆಗೆ ದ್ವಿದಳ ಸೊಪ್ಪು ಇರಲಿ. ಯೂರಿಯಾ ಎರಚಿದ ವಾರದಲ್ಲಿ ಕೊಯ್ದು ಹಾಕುವುದೂ ಬೇಡ, ಕುರಿಗೆ ವಿಷವಾಗುವ ನೈಟ್ರೇಟ್ ಏರಿರುತ್ತದೆ.

ಉಳಿದ ಜಾಗದಲ್ಲಿ ಮೇಯುವ ಹುಲ್ಲು ಹಾಕಿ. ನಿಮ್ಮ ಒಣ ಸೀಮೆಗೆ ಅಂಜನ್ ಹುಲ್ಲು ಒಗ್ಗುತ್ತದೆ. ಕುರಿಗೂ ಹಿಡಿಸುತ್ತದೆ. ಅದರ ಪಕ್ಕ ಸ್ಟೈಲೋ. ಎರಡನ್ನೂ ಕಲಸಿ ಬಿತ್ತುವ ಬದಲು ಪಟ್ಟೆ ಪಟ್ಟೆಯಾಗಿ ಬಿತ್ತಿ. ಆರಿಸುವ ಪ್ರಾಣಿಗೆ ಕಲಸಿದ ಹುಲ್ಲಿನಲ್ಲಿ ಹುಡುಕಾಟಕ್ಕೇ ಹೊತ್ತು ಹೋಗುತ್ತದೆ. ಪಟ್ಟೆ ಇದ್ದರೆ ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ ಅಂತ ತಾನೇ ಹಂಚಿಕೊಳ್ಳುತ್ತದೆ. ಕುರಿಗೆ ಜಾಗದ ನೆನಪು ಚೆನ್ನಾಗಿದೆ. ನಾಲ್ಕೈದು ಭಾಗ ಮಾಡಿ ಬಲೆ ಕಟ್ಟಿ. ಹುಲ್ಲು ಒಂದು ಗೇಣು ಬಂದಾಗ ಬಿಡಿ, ನಾಲ್ಕು ಬೆರಳಿಗೆ ಇಳಿದಾಗ ಮುಂದಿನ ಭಾಗಕ್ಕೆ ಹೊಡೆಯಿರಿ. ಅದಕ್ಕಿಂತ ಕೆಳಗೆ ಮೇಯಲು ಬಿಟ್ಟರೆ ಹುಲ್ಲೂ ಸೊರಗುತ್ತದೆ, ಜಂತುಹುಳವೂ ಜಾಸ್ತಿ ಹೋಗುತ್ತದೆ. ಬದುವಿನ ಗರಿಕೆಯನ್ನು ದಯವಿಟ್ಟು ಕೀಳಬೇಡಿ, ಬಿತ್ತನೆ ಖರ್ಚಿಲ್ಲದೆ ಸಿಕ್ಕಿದ ಮೇವು ಅದು.

ಕೊನೆಗೆ, ನನ್ನ ಮಾತು ನಂಬುವ ಬದಲು ಕುರಿಯನ್ನೇ ಕೇಳುವ ದಾರಿ ಹೇಳುತ್ತೇನೆ. ನಾಲ್ಕು ಮಂಕರಿ ತೆಗೆದುಕೊಳ್ಳಿ. ಕತ್ತರಿಸಿದ ನೇಪಿಯರ್, ಗಿನಿ, ಕುದುರೆ ಮೆಂತ್ಯ, ಗರಿಕೆ, ನಾಲ್ಕನ್ನೂ ಒಂದೇ ತೂಕ ಹಾಕಿ ಸಾಲಾಗಿ ಇಡಿ. ಐದಾರು ಕುರಿಗಳನ್ನು ಅರ್ಧ ಗಂಟೆ ಬಿಡಿ. ಉಳಿದದ್ದನ್ನು ತೂಗಿ ಬರೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮರುದಿನ ಮಂಕರಿಗಳ ಜಾಗ ಅದಲುಬದಲು ಮಾಡಲೇಬೇಕು. ಇಲ್ಲದಿದ್ದರೆ ಕುರಿ ಮೇವನ್ನು ಬಿಟ್ಟು ಜಾಗವನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಮೊದಲ ಎರಡು ದಿನದ ಲೆಕ್ಕ ಬಿಟ್ಟುಬಿಡಿ, ಅದು ರುಚಿ ನೋಡುವ ದಿನ. ವಾರದ ಕೊನೆಗೆ ನಿಮಗೇ ಕಾಣುತ್ತದೆ. ಸಣ್ಣಗೆ ಕತ್ತರಿಸಿದ ನೇಪಿಯರ್ ನೀವು ಅಂದುಕೊಂಡದ್ದಕ್ಕಿಂತ ಮೇಲಿನ ಜಾಗಕ್ಕೆ ಬರುತ್ತದೆ ಅಂತ ನನ್ನ ಊಹೆ.

ಸಂತೆಯಿಂದ ತಂದ ದೊಡ್ಡ ಕುರಿಗಳಲ್ಲಿ ಕೆಲವು ಕೊನೆಯ ತನಕ ನೇಪಿಯರ್ ಕಡೆ ಮೂಗು ಮುರಿಯಬಹುದು. ಬಿಡಿ. ಒಗ್ಗಿಕೊಂಡ ಕುರಿಗಳ ಗೋದಲಿಯಲ್ಲೇ ಮರಿಗಳಿಗೂ ಜಾಗ ಇರಲಿ. ಈ ಸಲ ಹುಟ್ಟುವ ಮರಿಗಳು ಆರು ವಾರದ ಹೊತ್ತಿಗೆ ಏನು ತಿನ್ನುತ್ತವೆ ಅಂತ ಗಮನಿಸಿ, ಮಂಕರಿಯ ಲೆಕ್ಕದ ಜೊತೆ ಅದನ್ನೂ ಬರೆದು ಕಳಿಸಿ.